ಗದ್ದೆಯಲ್ಲಿ ನಿಂತಿದ್ದ ನಾನು

ದೆವ್ವದ ವಿಷಯದಲ್ಲಿ ನನ್ನದು ಸುದ್ದಿಮನೆಯ ನಿಲುವು. ಯಾರಾದರೂ ಕಂಡೆ ಅಂದರೆ ಎಲ್ಲಿ, ಯಾವಾಗ, ಜೊತೆಗೆ ಇನ್ಯಾರು ನೋಡಿದರು ಎಂದು ಕೇಳುತ್ತೇನೆ. ಅಷ್ಟಕ್ಕೇ ಹೆಚ್ಚಿನ ದೆವ್ವಗಳು ಎದ್ದು ಹೋಗುತ್ತವೆ. ಸಾಗರದಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದು ನಿವೃತ್ತನಾಗುವವರೆಗೆ ಒಂದೇ ಒಂದು ದೆವ್ವವನ್ನೂ ನಾನು ಅಚ್ಚಿಗೆ ಬಿಟ್ಟವನಲ್ಲ. ಹಾಗಿರುವಾಗ ಕಳೆದ ಶರತ್ಕಾಲದಲ್ಲಿ, ಇಕ್ಕೇರಿ ದಾರಿಯ ಗದ್ದೆಯೊಂದರಲ್ಲಿ ನಾನು ನನ್ನನ್ನೇ ಕಂಡೆ ಎಂದು ಬರೆಯಲು ಸ್ವಲ್ಪ ಸಂಕೋಚವಾಗುತ್ತಿದೆ.

ನಿವೃತ್ತಿಯಾದ ಮೇಲೆ ಹಿಡಿಸಿಕೊಂಡದ್ದು ಫೋಟೊ ತೆಗೆಯುವ ಹುಚ್ಚು. ಕೆಲಸದಲ್ಲಿದ್ದಾಗ ಫೋಟೊ ಎಂದರೆ ದೀಪ ಬೆಳಗಿಸುವ ಗಣ್ಯರ ಸಾಲು, ಕೆಳಗೆ ಎಡದಿಂದ ಬಲಕ್ಕೆ ಅವರ ಹೆಸರು. ಒಂದು ಹೆಸರು ಬಿಟ್ಟುಹೋದರೆ ಮರುದಿನ ಫೋನು. ಹಾಗಾಗಿ ಈಗ ಹೆಸರು ಕೇಳಬೇಕಿಲ್ಲದವರನ್ನೇ ಹುಡುಕಿಕೊಂಡು ಹೋಗುತ್ತೇನೆ: ಜೇಡ, ಕೊಕ್ಕರೆ, ಪಾಚಿ ಹಿಡಿದ ಮೈಲುಗಲ್ಲು. ನವರಾತ್ರಿಯ ಹೊತ್ತಿಗೆ ಮಳೆ ಹಿಂದೆ ಸರಿದು, ಬೆಳಿಗ್ಗೆ ಗದ್ದೆಗಳ ಮೇಲೆ ಮಂಜು ಕೂತಿರುತ್ತದಲ್ಲ, ಆಗ ನಾನು ಮನೆಯಲ್ಲಿ ನಿಲ್ಲುವುದಿಲ್ಲ. ತಲೆಗೊಂದು ಟೋಪಿ, ಮೈಗೆ ಕಂದು ಅಂಗಿ, ಕುತ್ತಿಗೆಗೆ ಮೊಳದುದ್ದದ ಲೆನ್ಸು. ಹೊಸನಗರದ ಹತ್ತಿರ ಈ ವೇಷದಲ್ಲಿ ಬೇಲಿಯ ಪಕ್ಕ ಬಗ್ಗಿದ್ದಾಗ ಒಬ್ಬ ಯಜಮಾನರು ಓಡಿಬಂದು, "ಸರ್ವೆಗೆ ಬಂದ್ರಾ? ನಮ್ಮದು ಆ ಹಲಸಿನ ಮರದ ತನಕ ಇದೆ, ಬರ್ಕೊಳ್ಳಿ" ಎಂದರು. ನಾನು ಜೇಡರ ಬಲೆಯ ಫೋಟೊ ತೆಗೆಯುತ್ತಿದ್ದೇನೆ ಎಂದೆ. ಅವರು ಮನೆಯ ಕಡೆ ತಿರುಗಿ, "ಈ ಸಲ ಜೇಡಾನೂ ಸರ್ವೆ ಮಾಡ್ತಾರಂತೆ ಕಣೇ" ಎಂದು ಕೂಗಿದರು.

ಇಕ್ಕೇರಿ ದಾರಿಯಲ್ಲಿ ನನ್ನನ್ನು ಆದರದಿಂದ ಕಂಡವನು ಹುಚ್ಚಪ್ಪ ಒಬ್ಬನೇ. ಅವನದು ಕಾಡಿನ ಅಂಚಿಗೆ ಹೊಂದಿಕೊಂಡ ಒಂದು ತುಂಡು ಗದ್ದೆ. ವರ್ಷದ ಊಟದ ಅಕ್ಕಿ ಅದರಿಂದಲೇ ಬರಬೇಕು. ಭತ್ತ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಮಂಗಗಳ ಹಿಂಡು ಇಳಿಯುತ್ತಿತ್ತು. ಎರಡು ವರ್ಷದಿಂದ ಅವನ ಮನೆಗೆ ಬಂದದ್ದು ಹುಲ್ಲು ಮಾತ್ರ. ಒಂದು ಬೆಳಿಗ್ಗೆ ನಾನು ಕೊಕ್ಕರೆಗೆಂದು ಲೆನ್ಸು ಎತ್ತಿದರೆ, ಬದುವಿನ ಮೇಲಿದ್ದ ಮಂಗಗಳೆಲ್ಲ ಕೋವಿ ಕಂಡಂತೆ ಕಾಡಿಗೆ ಹಾರಿದವು. ಹುಚ್ಚಪ್ಪ ಬಂದು ಕೈಮುಗಿದ. "ಸಾರ್, ಎಂತ ಚಂದ ತೆಗೀತೀರಿ ಪೋಟೋನ! ದಿನಾ ಬರ್ಬೇಕು ನೀವು." ನನ್ನ ಕಲೆಗೆ ಸಿಕ್ಕ ಮೊದಲ ಮನ್ನಣೆ. ಅವನು ಒಂದು ಫೋಟೊವನ್ನೂ ನೋಡಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಆಮೇಲೆ ಕೆಲವು ದಿನ ತೀರ್ಥಹಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಹಿಂದಿರುಗಿದ ಮರುದಿನ ಬೆಳಿಗ್ಗೆ ರಸ್ತೆಯಲ್ಲೇ ನಿಂತು ಮಂಜಿನ ಗದ್ದೆಯದೊಂದು ಚಿತ್ರ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ, ಮಂಜಿನ ನಡುವೆ ಒಬ್ಬ ನಿಂತಿದ್ದ. ಟೋಪಿ, ಕಂದು ಅಂಗಿ, ಸ್ವಲ್ಪ ಇಳಿದ ಎಡಭುಜ. ಮುಖಕ್ಕೆ ಕ್ಯಾಮೆರಾ ಹಿಡಿದಿದ್ದ. ಅದು ನನ್ನ ಕಡೆಗೇ ತಿರುಗಿತ್ತು. ಮರುದಿನ ಬೇರೆ ಕಡೆಯಿಂದ ತೆಗೆದೆ. ಇದ್ದ. ಮಾರನೆಯ ದಿನವೂ ಇದ್ದ, ಕೈ ಕೂಡ ಇಳಿಸಿರಲಿಲ್ಲ. ಇನ್ನಷ್ಟು ದೊಡ್ಡದು ಮಾಡಿ ನೋಡಿದೆ. ಜೇಬಿನ ಮೇಲೆ ಶಾಯಿಯ ಕಲೆ. ಆ ಕಲೆ ನನಗೆ ಗೊತ್ತು. ಬೀರು ತೆಗೆದು ನೋಡಿದರೆ ಎರಡು ಕಂದು ಅಂಗಿಗಳಲ್ಲಿ ಕಲೆಯಾದ ಹಳೆಯದು ಇರಲಿಲ್ಲ. ಹೆಂಡತಿ ಶಾರದೆಯನ್ನು ಕೇಳಬಹುದಿತ್ತು. ಆದರೆ ಗದ್ದೆಯಲ್ಲಿ ನಾನೇ ನಿಂತಿದ್ದೇನೆ ಎಂದರೆ ಆಕೆ ಕ್ಯಾಮೆರಾ ಮಾರಿಸುತ್ತಾಳೆ. ಅದೂ ಅಲ್ಲದೆ, ಸ್ಥಳಕ್ಕೆ ಹೋಗದೆ ಬರೆಯುವ ಅಭ್ಯಾಸ ನನಗಿಲ್ಲ.

ಹೋದದ್ದು ಭೂಮಿ ಹುಣ್ಣಿಮೆಯ ದಿನ, ಇನ್ನೂ ಬೆಳಕು ಹರಿಯುವ ಮೊದಲು. ಬಸುರಿ ಭೂಮಿಗೆ ಬಯಕೆಯ ಊಟ ಹಾಕುವ ಹಬ್ಬವಾದ್ದರಿಂದ ಗದ್ದೆಗೆ ಜನ ಬಂದಿರುತ್ತಾರೆ, ಸಾಕ್ಷಿಗೆ ಆಗುತ್ತದೆ ಎಂದುಕೊಂಡಿದ್ದೆ. ಯಾರೂ ಬಂದಿರಲಿಲ್ಲ. ಮಂಜು ಮೊಣಕಾಲಿನವರೆಗೆ ನುಂಗಿತ್ತು. ಬದುವಿನ ಮೇಲೆ ಸ್ವಲ್ಪ ದೂರ ನಡೆದಿರಬೇಕು, ಎದುರಿಗೆ ಅವನಿದ್ದ. "ಯಾರದು?" ಎಂದೆ. ಪುರಾವೆ ಬೇಕಲ್ಲ ಎಂದು ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟೆ. ಅದರೊಳಗೆ ಅವನಿರಲಿಲ್ಲ. ಗದ್ದೆಯೂ ಇರಲಿಲ್ಲ. ಬರೀ ಕಪ್ಪು. ಇಳಿಸಿ ನೋಡಿದೆ, ನಿಂತಿದ್ದಾನೆ. ಮತ್ತೆ ಕಣ್ಣಿಗಿಟ್ಟೆ, ಕಪ್ಪು. ಸುದ್ದಿಮನೆಯ ಶಿಸ್ತೆಲ್ಲ ಬೆನ್ನಿನ ಮೇಲೆ ಬೆವರಾಗಿ ಇಳಿಯಿತು.

ಅಷ್ಟರಲ್ಲಿ ಹಿಂದಿನಿಂದ ಲಾಟೀನಿನ ಬೆಳಕು ಬಂತು. ಹುಚ್ಚಪ್ಪನ ತಾಯಿ ಕೆರಿಯಮ್ಮ. ವಯಸ್ಸಾಗಿ ಕಣ್ಣು ಮಂದವಾದವಳು. ನನ್ನ ಪಕ್ಕ ನಿಂತು ಲಾಟೀನು ಎತ್ತಿ ನನ್ನನ್ನು ನೋಡಿದಳು, ಚೂರೂ ಬೆಚ್ಚಲಿಲ್ಲ. "ನೀ ಎಂತಕ್ಕೆ ಇಲ್ಲಿಗೆ ಬಂದು ನಿಂತಿದ್ದು? ನಿನ್ನೆ ಅತ್ಲಾಗಿದ್ದೆ. ಮಂಗ ಬರೋದು ಆ ಕಡೆಯಿಂದ. ನಡಿ ನಿನ್ನ ಜಾಗಕ್ಕೆ!" ಎಂದು ಗದರಿದಳು. ಏಕೆಂದು ಈಗಲೂ ಹೇಳಲಾರೆ, ನಾನು ಎರಡು ಹೆಜ್ಜೆ ಆ ಕಡೆಗೆ ನಡೆದೆ.

"ಅವ್ವಾ, ಅದು ಬೆರ್ಚಪ್ಪ ಅಲ್ಲ! ಸಾರು!" ಚಿತ್ತಾರದ ಬುಟ್ಟಿ ಹೊತ್ತು ಭೂಮಿಗೆ ಎಡೆಯೆಂದು ಗದ್ದೆಗೆ ಚರಗದ ಅನ್ನ ಚೆಲ್ಲುತ್ತ ಬಂದ ಹುಚ್ಚಪ್ಪ ಕೂಗಿದ. ಬೆರ್ಚಪ್ಪ ಎಂದರೆ ನಮ್ಮ ಕಡೆಯ ಬೆದರುಬೊಂಬೆ. ಎದುರಿಗಿದ್ದವನ ಹೊಟ್ಟೆಯಿಂದ ಹುಲ್ಲು ಹೊರಬಂದಿದ್ದು ಆಗ ಕಂಡಿತು. ಅವನ ಕ್ಯಾಮೆರಾ ಮಸಿ ಬಳಿದ ಡಬ್ಬಿ, ಲೆನ್ಸು ನೀರಿನ ಪೈಪಿನ ತುಂಡು. "ನೀವು ಊರಲ್ಲಿರಲಿಲ್ಲ ಸಾರ್, ಮಂಗ ಕಾಯ್ತವಾ? ನಿಮ್ಮನೆ ಅಮ್ಮನೋರನ್ನ ಕೇಳ್ದೆ, ಅಂಗೀನೂ ಹಳೇ ಟೋಪೀನೂ ಕೊಟ್ರು. ಭುಜ ಹಂಗೇ ಇಳ್ಸು, ಇಲ್ದಿದ್ರೆ ಮಂಗ ನಂಬಲ್ಲ ಅಂತ ಅವರೇ ಹೇಳಿದ್ದು."

ನಾನು ಸಿಟ್ಟಾಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹುಚ್ಚಪ್ಪನ ಧ್ವನಿ ಪಿಸುಗುಟ್ಟಿತು. "ಸಾರ್, ಅಲ್ಲಾಡ್ಬೇಡಿ." ಕಾಡಿನ ಅಂಚಿನ ಮರಗಳಲ್ಲಿ ಹಿಂಡು ಬಂದು ಕೂತಿತ್ತು. ಮೊದಲ ಬಿಸಿಲಿನಲ್ಲಿ ಮಂಜು ಬಂಗಾರವಾಗುತ್ತಿತ್ತು. ದೊಡ್ಡ ಗಡವ ಮಂಗವೊಂದು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿತು. "ಇಬ್ರು ಒಟ್ಟಿಗೆ ಕಂಡ್ರು ಅದಕ್ಕೆ. ನೀವು ಅಲ್ಲಾಡಿ ಅವ ಅಲ್ಲಾಡ್ದೆ ಇದ್ರೆ ಗೊಂಬೆ ಯಾವುದು ಅಂತ ತಿಳೀತದೆ. ಮತ್ತೆ ಗದ್ದೆ ಹೋದಂಗೇ."

ತೆನೆಗಳು ಬಾಗಿದ್ದವು. ಕೆರಿಯಮ್ಮ ಲಾಟೀನು ತಗ್ಗಿಸಿ ಉಸಿರು ಹಿಡಿದಿದ್ದಳು. ಗಡವ ಅವನ ಕಡೆ ತಿರುಗಿದ ಕ್ಷಣ ನಾನು ಕ್ಯಾಮೆರಾ ಕಣ್ಣಿಗಿಟ್ಟು ಎಡಭುಜ ಇಳಿಸಿ ನಿಂತೆ. ಇಡೀ ಜೀವಮಾನದಲ್ಲಿ ಒಮ್ಮೆ ಸಿಗುವ ದೃಶ್ಯ ಎದುರಿಗಿತ್ತು. ಬೆರಳು ಒತ್ತಿದರೆ ಮಂಗಕ್ಕೇನೂ ತಿಳಿಯುತ್ತಿರಲಿಲ್ಲ. ಆದರೆ ಒಳಗೆ ಮತ್ತದೇ ಕಪ್ಪು. ಮನೆಯಿಂದ ಹೊರಟಾಗಿನಿಂದ ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲ ಎಂದು ಆಗ ಅರ್ಥವಾಯಿತು. ಗಡವ ಈಗ ನನ್ನನ್ನೇ ನೋಡುತ್ತಿತ್ತು, ತೆಗೆಯಲು ಕೈ ಎತ್ತುವಂತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಗಡವ ತಿರುಗಿತು, ಹಿಂಡು ಅದರ ಹಿಂದೆ ಹೋಯಿತು. ಹುಚ್ಚಪ್ಪ ನಿಟ್ಟುಸಿರು ಬಿಟ್ಟು, "ಚೆನ್ನಾಗಿ ನಿಂತ್ರಿ ಸಾರ್" ಎಂದ. ಕೆರಿಯಮ್ಮ ಹತ್ತಿರ ಬಂದು ನನ್ನನ್ನೂ ಅವನನ್ನೂ ನೋಡಿ, "ಆದ್ರೂ ಅವನೇ ವಾಸಿ, ಉಗುಳು ನುಂಗಲ್ಲ" ಎಂದಳು. ಆಮೇಲೆ ಬುಟ್ಟಿಯಿಂದ ಕಡುಬು ತೆಗೆದು ಬಾಳೆಲೆಯಲ್ಲಿ ಎರಡು ಎಡೆ ಹಾಕಿದಳು, ಒಂದು ನನಗೆ, ಒಂದು ಅವನಿಗೆ.

ಮನೆಗೆ ಬಂದಾಗ ಶಾರದೆ, "ಇವತ್ತಾದರೂ ಒಳ್ಳೆ ಫೋಟೊ ಸಿಕ್ತಾ?" ಎಂದು ಕೇಳಿದಳು. ನಮಗಿಬ್ಬರಿಗೂ ಸಿಗಲಿಲ್ಲ ಎಂದೆ.