ಸೇತುವೆ ಕಾಯಾಕ ಹೋಗಿ ಮುಯ್ಯಿ ಕೊಟ್ಟಿದ್ದು

ಮೊಬೈಲಿನ್ಯಾಗ ಗುಂಪು ಕಟ್ಟಿಕೊಂಡು ಆಡೋ ಯುದ್ಧದಾಟಕ್ಕ ಹೊಸದಾಗಿ ಸೇರೋರು ಯಾರಾದ್ರೂ ಇದ್ರ ನನ್ನ ಮಾತು ಕೇಳ್ರಿ. ಈ ವಿಷಯದಾಗ ನನ್ನಷ್ಟು ಅನುಭವ ಇದ್ದವ ಮಸ್ಕಿಯೊಳಗ ಇನ್ನೊಬ್ಬ ಇಲ್ಲ. ನಾ ಆಡಿದ್ದು ಎರಡೇ ಯುದ್ಧ. ಎರಡರಾಗೂ ಸೋತದ್ದು ನಮ್ಮವರೇ!

ನಂದು ಟೇಲರ್ ಅಂಗಡಿ. ನನ್ನ ಹೆಂಡ್ತಿ ಗಿರಿಜಾ ಸಿಂಧನೂರು ಬಸ್ಸಿನ ಕಂಡಕ್ಟರ್. ನಮ್ಮ ಗುಂಪಿನ ದಂಡನಾಯಕಿಯೂ ಆಕೀನೇ. ದಿನಾ ಬಸ್ಸು ಹತ್ತೋ ಹೆಡ್‌ಮಾಸ್ತರು, ನರ್ಸಮ್ಮ, ಸಿಂಧನೂರಿನ ರೈಸ್‌ಮಿಲ್ಲಿನ ಬಾಷಾಭಾಯ್, ಹಿಂಗ ಒಬ್ಬೊಬ್ಬರನ್ನ ಹಿಡಿದು ಒಂದು ವರ್ಷ ಕಷ್ಟಪಟ್ಟು ಗುಂಪು ಕಟ್ಯಾಳ. ಆಕಿ "ರೈಟ್" ಅಂದ್ರ ದಾಳಿ, "ಹೋಲ್ಡಾನ್" ಅಂದ್ರ ನಿಲ್ಲೋದು. ಇಷ್ಟೇ ಕಾನೂನು.

"ನನ್ನೂ ಸೇರಿಸ್ಕೋ" ಅಂದೆ.

"ನಿಮಗ್ಯಾಕ್ರೀ ಇದೆಲ್ಲ? ಮೊದ್ಲು ಹಬ್ಬದ ಬ್ಲೌಸ್ ಹೊಲದು ಮುಗಸ್ರಿ."

"ದಿನಾ ಕತ್ತರಿ ಹಿಡಿಯೋ ಕೈ ಇದು. ಶತ್ರು ಯಾವ ಗಿಡದ ತಪ್ಪಲ?" ಅಂದೆ. ಪಾಪ, ನಂಬಿದ್ಲು.

ಮೊದಲನೇ ಯುದ್ಧದಾಗ ಹೆಡ್‌ಮಾಸ್ತರು, ನಾನು ಜೋಡಿಯಾಗಿ ಒಂದು ಬಾಗಿಲು ಒಡೀಬೇಕಾಗಿತ್ತು. ಗಿರಿಜಾ "ರೈಟ್" ಅಂದ್ಲು. ಹಿರಿಯರನ್ನ ಬಿಟ್ಟು ಮುಂದ ಹೋಗೋದು ಹೆಂಗ? "ನೀವು ಮುಂದ ನಡೀರಿ ಸರ್" ಅಂತ ಬರೆದೆ. "ಛೇ ಛೇ, ಮೇಡಂ ಅವರ ಯಜಮಾನ್ರು ನೀವು, ನೀವೇ ನಡೀರಿ" ಅಂತ ಅವರು ಬರೆದ್ರು. ಹಿಂಗ ಪರಸ್ಪರ ಗೌರವಿಸುತ್ತ ಬಾಗಿಲ ಮುಂದ ನಿಂತೇ ಇದ್ವಿ. ಟೈಮ್ ಮುಗೀತು!

ಆಮ್ಯಾಲ ನನ್ನನ್ನ ದಾಳಿಯಿಂದ ತೆಗೆದು ಸೇತುವೆ ಕೋಟೆ ಕಾಯಾಕ ಹಾಕಿದ್ಲು. ಎರಡನೇ ಯುದ್ಧ ಲಿಂಗಸುಗೂರು ಗುಂಪಿನ ಜೋಡಿ ಇತ್ತು. ಅದರ ನಾಯಕಿ ಬ್ಯಾರೆ ಯಾರೂ ಅಲ್ಲ, ಗಿರಿಜಾಳ ಸ್ವಂತ ತಂಗಿ ಶೈಲಾ. ಅಕ್ಕ-ತಂಗಿ ಪಂತ ಕಟ್ಟಿದ್ರು: ಸೋತವರು ಗುಂಪು ಮುಚ್ಚಿ ಗೆದ್ದವರ ಕೈಕೆಳಗ ಸೇರಬೇಕು. ಒಂದು ವರ್ಷದ ದುಡಿತ ಎಲ್ಲ ಆ ಒಂದು ಭಾನುವಾರದ ಮ್ಯಾಲ ನಿಂತಿತ್ತು.

"ಸೇತುವೆ ಹೋದ್ರ ನಾ ಹೋದಂಗ. ನೀವು ಏನೂ ಮಾಡಬ್ಯಾಡ್ರಿ. ಸುಮ್ನ ಕುಂದರ್ರಿ" ಅಂತ ಕೈ ಮುಗಿದು ಹೇಳಿದ್ಲು.

ನನ್ನ ಹತ್ರ ಇದ್ದ ಸೈನಿಕರು ನಲವತ್ತೇ ಮಂದಿ. ಅದಕ್ಕ ಗುಂಪಿನ ಮೂವತ್ತು ಜನ ತಲಾ ನೂರು ಸೈನಿಕರನ್ನ ಸಹಾಯಕ್ಕ ಕೊಟ್ರು. ನನ್ನ ಕಣ್ಣು ತುಂಬಿ ಬಂದವು. ನಮ್ಮ ಮದುವ್ಯಾಗೂ ಇಷ್ಟು ಮುಯ್ಯಿ ಬಂದಿರಲಿಲ್ಲ! ಮುಯ್ಯಿ ಅಂದ ಮ್ಯಾಲ ತಿರುಗಿ ಕೊಡಬೇಕಲ್ಲ? ಬಂದಷ್ಟೇ ಕೊಟ್ರ ಮರ್ಯಾದಿ ಅಲ್ಲ, ಒಂದಾದ್ರೂ ಹೆಚ್ಚಿಗಿ ಇರಬೇಕು. ಊಟ ಮಾಡಿ, ವೀಳ್ಯೆ ಹಾಕ್ಕೊಂಡು, ಒಬ್ಬೊಬ್ಬರಿಗೂ ನೂರಾ ಒಂದು ಸೈನಿಕರನ್ನ ಕಳಿಸಿದೆ. ಯಾರನ್ನೂ ಬಿಡಲಿಲ್ಲ. ಕೋಟ್ಯಾಗ ಹತ್ತು ಮಂದಿ ಉಳಿದ್ರು.

ಬಾಷಾಭಾಯ್ ಫೋನ್ ಮಾಡಿದ. "ಅರೇ ಭಾಯ್, ನಿಮ್ಮ ಫೌಜ್ ನನ್ನ ಮನಿಗೆ ಯಾಕ ಬಂದೈತಿ?"

"ಮುಯ್ಯಿ ಭಾಯ್. ಬ್ಯಾಡ ಅನಬಾರದು."

"ಯಾ ಅಲ್ಲಾ!" ಅಂದು ಫೋನ್ ಇಟ್ಟ. ಸಂತೋಷಕ್ಕ ಅಂದಾನ ಅಂತ ತಿಳ್ಕೊಂಡೆ.

ನಾಲ್ಕು ಗಂಟೆಗೆ ಯುದ್ಧ ಸುರು ಆತು. ಸೇತುವೆ ಮುಂದ ಸಾವಿರಾರು ಮಂದಿ ಬಂದು ನಿಂತ್ರು. ಎರಡೂ ಗುಂಪಿನವರು ಓದೋ ಜಾಗಾದಾಗ ಶೈಲಾ ಬರೆದ್ಲು: "ಮಾಮಾ, ಒಳಗ ಬರ್ಲೇನು?"

ನಾದಿನಿ ಬಾಗಿಲಿಗೆ ಬಂದು ಕೇಳಾಕತ್ತಾಳ. ಕೈ ತಾನೇ ಬರೀತು: "ಬಾರವ್ವ, ಕೇಳೋದೇನೈತಿ!"

ಒಳಗಿನ ಕೋಣ್ಯಾಗಿಂದ ಗಿರಿಜಾ ಚೀರಿದ್ಲು. "ಹೋಲ್ಡಾನ್! ಹೋಲ್ಡಾನ್! ರೀ, ನಿಮ್ಮ ಮಂದಿ ಎಲ್ಲಿ ಅದಾರ?"

"ಮುಯ್ಯಿಗೆ ಹೋಗ್ಯಾರ."

ತಿರುಗಿ ಕರಸಾಕ ಹತ್ತು ನಿಮಿಷ ಬೇಕಿತ್ತು. ಹತ್ತು ಮಂದಿ ಹತ್ತು ಸೆಕೆಂಡೂ ನಿಲ್ಲಲಿಲ್ಲ. ಸೇತುವೆ ಹೋತು. ಅದರ ಹಿಂದ ದೊಡ್ಡ ಕೋಟೆಯೂ ಹೋತು.

ಗಿರಿಜಾ ಬೈಲಿಲ್ಲ. ಮೊಬೈಲ್ ಡಬ್ಬು ಹಾಕಿ, ಸೆರಗಿನಿಂದ ಕಣ್ಣು ಒರೆಸಿಕೊಂಡ್ಲು. ಬೈದಿದ್ರ ಚಲೋ ಇತ್ತು. ಚಾ ಮಾಡಿ ಕೊಟ್ಟೆ, ಮುಟ್ಟಲಿಲ್ಲ.

ಅಷ್ಟರಾಗ ಶೈಲಾಳ ಫೋನ್ ಬಂತು. ಗಿರಿಜಾ ಸ್ಪೀಕರ್ ಹಾಕಿದ್ಲು.

"ಅಕ್ಕಾ, ಅಳಬ್ಯಾಡ. ನಿನ್ನ ಗುಂಪು ಮುಚ್ಚಬ್ಯಾಡ, ನೀನೇ ನಡೆಸು. ಪಂತ ಬಿಟ್ಟೀನಿ. ಆದ್ರ ಒಂದು ಮಾತು ನಡೆಸ್ಕೊಡಬೇಕು."

"ಏನು?"

"ಮುಂದಿನ ಯುದ್ಧಕ್ಕೂ ಸೇತುವೆ ಮ್ಯಾಲ ಮಾಮಾನೇ ಇರಬೇಕು."

ನಾ ಬಾಯಿ ತೆಗಿಯೋದರಾಗ ಗಿರಿಜಾ "ಆತು" ಅಂದುಬಿಟ್ಲು. ಎರಡೂ ಕಡಿಯವರು ಒಮ್ಮತದಿಂದ ನೇಮಿಸಿದ ಏಕೈಕ ಕಾವಲುಗಾರ ನಾನು. ಕೆಲಸ ಕಾಯಂ ಆಗೇತಿ!