ಭಾವೋಜಿಯ ಜಪಾನಿ ಗಾಡಿ

ಕದ್ವಾಡದ ಹರಿಶ್ಚಂದ್ರನಿಗೆ ತನ್ನ ಬಳಿ ದೊಡ್ಡ ಗಾಡಿಯಿಲ್ಲ ಎಂಬ ದುಃಖ ಯಾವತ್ತೂ ಇರಲಿಲ್ಲ. ಅಂಕೋಲೆಯಲ್ಲಿ ಹೆಂಡತಿಯ ಅಣ್ಣ ತುಳಸಿದಾಸನ ಬಳಿ ಇದೆಯಲ್ಲ ಎಂಬ ದುಃಖ ಮಾತ್ರ ಇತ್ತು.

ಅಣ್ಣನ ಆ ಗಾಡಿಯಲ್ಲಿ ಒಮ್ಮೆ ಗೋಕರ್ಣಕ್ಕೆ ಹೋಗಿಬಂದ ಚಂಪಾ, "ಕೂತ್ರೆ ಕೂತದ್ದೇ ಗೊತ್ತಾಗೂದಿಲ್ಲ ಮಾರಾಯ್ರೆ" ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಬೆಳಿಗ್ಗೆ ಚಹದ ಜೊತೆಗೂ ಅದೇ, ಮಧ್ಯಾಹ್ನ ಬಾಂಗಡೆ ಸಾರಿನ ಜೊತೆಗೂ ಅದೇ. ಹರಿಶ್ಚಂದ್ರನ ಸಣ್ಣ ಕಾರಿನಲ್ಲಿ ಕೂತರೆ ಕೂತದ್ದು ಸೊಂಟಕ್ಕೆ, ಮಂಡಿಗೆ, ಕುತ್ತಿಗೆಗೆ ಎಲ್ಲಕ್ಕೂ ಗೊತ್ತಾಗುತ್ತಿತ್ತು. ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಮೇಲ್ವಿಚಾರಕನಾಗಿದ್ದ ಆತ ಮನೆಯಲ್ಲಿ ಒಂದು ಬಲ್ಬನ್ನೂ ಹೆಂಡತಿಯ ಅಪ್ಪಣೆಯಿಲ್ಲದೆ ಉರಿಸಿದವನಲ್ಲ. ಆದರೂ ಈ ಸಲ ಅವನೊಳಗಿನ ಪುರುಷಸಿಂಹ ಮೈಕೊಡವಿತು.

ಮಡಗಾಂವಿನ ಗೃಹಸ್ಥರೊಬ್ಬರು ಸಿಂಗಾಪುರದಿಂದ ಊರಿಗೆ ಮರಳುವಾಗ ಒಂದು ಜಪಾನಿ ವ್ಯಾನು ತಂದಿದ್ದರು. ಅದನ್ನು ಅವರು ಮಾರುವಾಗ ಮುಖದಲ್ಲಿ ಯಾಕಷ್ಟು ಆನಂದವಿತ್ತು ಎಂದು ಹರಿಶ್ಚಂದ್ರ ಯೋಚಿಸಲಿಲ್ಲ. ಎಂಟು ಸೀಟು, ಒಂದೊಂದೂ ಸಿಂಹಾಸನ! ಗುಂಡಿ ಒತ್ತಿದರೆ ಎಡಗಡೆಯ ದೊಡ್ಡ ಬಾಗಿಲು ತಾನಾಗಿ ಸರಿಯುತ್ತಿತ್ತು.

"ಇದಕ್ಕೆ ಪೀಪಲ್ ಕ್ಯಾರಿಯರ್ ಅಂತಾರೆ," ಎಂದು ಅಂಗಳದಲ್ಲಿ ನಿಂತು ಘೋಷಿಸಿದ.

"ಕ್ಯಾರಿಯರ್ ಅಂದ್ರೆ ನಾ ಕಂಡದ್ದು ಅನ್ನ-ಸಾರಿನದ್ದು," ಎಂದಳು ಚಂಪಾ. "ಜನರನ್ನೂ ಡಬ್ಬಿಗೆ ಹಾಕಿ ಮುಚ್ಚಳ ಮುಚ್ತಾರಾ?"

ಕೀಲಿ ತಿರುಗಿಸಿದೊಡನೆ ಗಾಡಿಯೊಳಗಿಂದ ಒಂದು ಹೆಣ್ಣುದನಿ ಜಪಾನಿ ಭಾಷೆಯಲ್ಲಿ ಮಾತಾಡತೊಡಗಿತು.

"ಎಂತ ಹೇಳ್ತಾಳೆ ಅವಳು?"

"ನಮಸ್ಕಾರ ಅಂತಿರಬೇಕು."

"ನಮಸ್ಕಾರ ಇಷ್ಟುದ್ದ ಇರ್ತದಾ? ಗಂಡನಿಗೆ ಬೈದ ಹಾಗೆ ಕೇಳ್ತದೆ."

ಗಾಡಿಯ ಹೊಟ್ಟೆ ನೆಲಕ್ಕೆ ತೀರಾ ಹತ್ತಿರ. ಜಪಾನಿನ ರಸ್ತೆಗಳಲ್ಲಿ ಹಂಪುಗಳಿಲ್ಲವೋ ಏನೋ! ಕಾರವಾರದಲ್ಲಿ ಮಾತ್ರ ನಾಯಿ ಅಡ್ಡ ಮಲಗಿದ ಜಾಗಕ್ಕೂ ಒಂದು ಹಂಪು. ಹಂಪು ಬಂದಾಗಲೆಲ್ಲ ಹರಿಶ್ಚಂದ್ರ, "ಇಳೀರಿ, ಇಳೀರಿ" ಎನ್ನುತ್ತಿದ್ದ. ಎಲ್ಲರೂ ಇಳಿದು ನಡೆದು ಆಚೆ ದಾಟಬೇಕು. ಖಾಲಿ ಗಾಡಿ ಬಸುರಿಯ ಹಾಗೆ ಮೆಲ್ಲಗೆ ಹತ್ತಿಳಿಯಬೇಕು. ಆಮೇಲೆ ಎಲ್ಲರೂ ಮತ್ತೆ ಹತ್ತಬೇಕು. ಹೀಗೆ ಒಮ್ಮೆ ಅಂಕೋಲೆಗೆ ಹೋಗಿ ಬಂದ ಮೇಲೆ ಚಂಪಾಳ ಅಭಿಪ್ರಾಯ ಸ್ಪಷ್ಟವಾಗಿತ್ತು: "ಗಾಡಿ ನಮ್ಮನ್ನು ಹೊತ್ತದ್ದಲ್ಲ. ನಾವೇ ಗಾಡಿಯನ್ನು ವಾಕಿಂಗ್ ಕರ್ಕೊಂಡು ಹೋಗಿ ಬಂದದ್ದು."

ಹರಿಶ್ಚಂದ್ರ ಗಾಡಿಯನ್ನು ಕಾರವಾರದ ದತ್ತಾನ ಗ್ಯಾರೇಜಿಗೆ ಒಯ್ದ. ದತ್ತಾ ಧೈರ್ಯವಂತ. ತನಗೆ ಗೊತ್ತಿಲ್ಲದ ಗಾಡಿ ಎಂದು ಅವನು ಯಾವ ಗಾಡಿಯನ್ನೂ ಬಿಟ್ಟವನಲ್ಲ. ಟೆಂಪೋದ ಸ್ಪ್ರಿಂಗು ಹಾಕಿ ಮೇಲೆತ್ತಿದ. ಎಷ್ಟು ಎತ್ತಿದನೆಂದರೆ ಚಂಪಾಳ ಆಯಿ ಹತ್ತಲು ಸ್ಟೂಲು ಬೇಕಾಯಿತು, ಹಿಂದಿನಿಂದ ಇಬ್ಬರು ನೂಕುವವರು ಬೇಕಾಯಿತು. ಈ ನಡುವೆ ಹರಿಶ್ಚಂದ್ರ ಬಡಗಿಯನ್ನು ಹಿಡಿದು ಮುಂದಿನ ಸೀಟುಗಳ ಬೆನ್ನಿಗೆ ಅಡ್ಡಲಾಗಿ ಸಾಗವಾನಿಯ ಒಂದು ಚಹದ ಕಪಾಟನ್ನೂ ಕೂರಿಸಿದ್ದ. (ತುಳಸಿದಾಸನ ಗಾಡಿಯಲ್ಲಿ ಕಪಾಟು ಇರಲಿಲ್ಲ.)

ಅಷ್ಟರಲ್ಲಿ ತುಳಸಿದಾಸನ ಮಗಳು ವಿಜೇತಾಳ ಮದುವೆ ನಿಶ್ಚಯವಾಯಿತು. ಹುಡುಗ ಕಿನ್ನರದ ನಿತೇಶ. ಮಾತುಕತೆಯಲ್ಲಿ ಹರಿಶ್ಚಂದ್ರ ಯಾರೂ ಕೇಳದೆಯೇ ಎದ್ದು ನಿಂತು, "ಮದುಮಗ ನನ್ನ ಗಾಡಿಯಲ್ಲೇ ಬರಬೇಕು" ಎಂದ.

"ಭಾವೋಜಿ, ನಮ್ಮ ಗಾಡಿ ಉಂಟಲ್ಲ," ಎಂದು ತುಳಸಿದಾಸ ಮೆಲ್ಲಗೆ ಹೇಳಿದ.

"ಅದು ಇರಲಿ, ತರಕಾರಿ ತರಲಿಕ್ಕೆ."

ಚಂಪಾ ಹಣೆ ಚಚ್ಚಿಕೊಂಡಳು.

ಮದುವೆಯ ಹಿಂದಿನ ದಿನ ಹರಿಶ್ಚಂದ್ರನಿಗೆ ಹೊಸ ಚಿಂತೆ. ಎತ್ತರಿಸಿದ ಗಾಡಿಯಿಂದ ಹಿಂದೆ ನಿಂತವರು ಕಾಣುವುದಿಲ್ಲ. ಬೀಗರ ಮೇಲೆಯೇ ಹತ್ತಿಸಿದರೆ? ದತ್ತಾ ಕೈಗೆ ಸಿಕ್ಕಿದ ವೈರೊಂದಕ್ಕೆ ರಿವರ್ಸ್ ಹಾರ್ನು ಜೋಡಿಸಿಕೊಟ್ಟ. ಗಾಡಿ ಹಿಂದೆ ಸರಿದರೆ ಅದು ಪೀಪಿಯಲ್ಲಿ ಮಂಗಳವಾದ್ಯ ನುಡಿಸುತ್ತಿತ್ತು. ಮಾರನೇ ದಿನ ಕಿನ್ನರದ ಓಣಿಯಲ್ಲಿ ರಿವರ್ಸ್ ತೆಗೆದುಕೊಳ್ಳುವಾಗ ವಾದ್ಯದ ಜೊತೆಗೆ ದೊಡ್ಡ ಬಾಗಿಲೂ ತಾನಾಗಿ ಸರಿಯಿತು. ಮದುಮಗನ ಕಡೆಯವರು ಹತ್ತಿದ ಮೇಲೆ ಗೇರು ಬದಲಿಸಿದಾಗ ತಾನಾಗಿ ಮುಚ್ಚಿಕೊಂಡಿತು. 'ಮದುಮಗ ಬಂದನೆಂದು ಗಾಡಿಗೇ ತಿಳೀತು' ಎಂದು ಹರಿಶ್ಚಂದ್ರನಿಗೆ ರೋಮಾಂಚನವಾಯಿತು.

ಅಂಕೋಲೆಯ ಸಭಾಭವನದ ಬಾಗಿಲಲ್ಲಿ ಬ್ಯಾಂಡಿನವರು ಕೆನ್ನೆಯುಬ್ಬಿಸಿ ಕಾದಿದ್ದರು. ತುಳಸಿದಾಸ ಹಾರ ಹಿಡಿದು ನಿಂತಿದ್ದ. ಗಾಡಿ ನಿಂತಿತು. ಹರಿಶ್ಚಂದ್ರ ಗತ್ತಿನಿಂದ ಬಾಗಿಲಿನ ಗುಂಡಿ ಒತ್ತಿದ. ಪೀಪಿ ಮಂಗಳವಾದ್ಯ ನುಡಿಸಿತು. ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದ, ಮತ್ತೆ ವಾದ್ಯ. ಜಪಾನಿ ಹೆಂಗಸು ಏನೇನೋ ಹೇಳತೊಡಗಿದಳು. ಬ್ಯಾಂಡಿನವರು ತಮ್ಮ ಹಾಡು ನಿಲ್ಲಿಸಿ ಪೀಪಿಯ ಶ್ರುತಿಗೆ ಹೊಂದಿಸಿಕೊಳ್ಳಲು ನೋಡಿದರು.

"ಎಂತ ಆಯ್ತ್ರಾ? ಮುಹೂರ್ತ ಮೀರ್ತದೆ!" ಎಂದು ಭಟ್ಟರು ಒಳಗಿನಿಂದ ಕೂಗಿದರು.

ಹಿಂದೆ ಕೂತವರಿಗೆ ಇದ್ದದ್ದು ಅದೊಂದೇ ಬಾಗಿಲು; ಕಪಾಟು ಅಡ್ಡವಿದ್ದುದರಿಂದ ಮುಂದಿನ ಬಾಗಿಲಿಗೆ ದಾರಿಯಿರಲಿಲ್ಲ. ಗಾಜಿನಾಚೆ ನಿತೇಶ ಬಾಸಿಂಗ ಕಟ್ಟಿಕೊಂಡು, ಅಂಗಡಿಯಲ್ಲಿಟ್ಟ ಬೊಂಬೆಯ ಹಾಗೆ ಕೂತಿದ್ದ.

"ಹಿಂದಿನ ಡಿಕ್ಕಿಯಿಂದ ಇಳಿಸುವಾ," ಎಂದ ಹರಿಶ್ಚಂದ್ರ.

ಒಳಗಿದ್ದ ನಿತೇಶನ ತಾಯಿ ರೂಪಾಲಿಬಾಯಿಗೆ ಅದು ಕೇಳಿಸಿಬಿಟ್ಟಿತು. "ಡಿಕ್ಕಿಯಿಂದಲಾ? ನಾವು ಗಂಡಿನ ಕಡೆಯವ್ರು! ಕಲ್ಲಂಗಡಿ ಹಣ್ಣಲ್ಲ! ಹಾಗೆ ಇಳೀಬೇಕಾದ್ರೆ ನಮಗೆ ಈ ಮದುವೆಯೇ ಬೇಡ!"

ತುಳಸಿದಾಸನ ಮುಖ ಸುಣ್ಣವಾಯಿತು. ಜವಳಿ, ಛತ್ರ, ಅಡುಗೆ ಎಲ್ಲ ಮುಗಿಸಿ ಮಗಳನ್ನು ಸಿಂಗರಿಸಿ ಕೂರಿಸಿದ ಅಪ್ಪ, "ಭಾವೋಜಿ, ಕೈ ಮುಗೀತೆ, ಏನಾದ್ರೂ ಮಾಡಿ," ಎಂದ. ಅಷ್ಟು ದಿನ ಅವನನ್ನು ಸೋಲಿಸಬೇಕೆಂದು ಹೊಂಚಿದ್ದ ಹರಿಶ್ಚಂದ್ರನಿಗೆ ಆ ದನಿ ಕೇಳಿ ಗೆಲ್ಲುವುದೇ ಬೇಡವೆನಿಸಿತು.

"ಮೊದಲು ಗಾಡಿ ಹಿಂದೆ ತೆಗೀರಿ! ಗಾಡಿಯ ತಲೆ ತಾಗಿ ಹೂವಿನ ಕಮಾನು ಬೀಳ್ತದೆ!" ಎಂದು ಪಕ್ಕದ ಸೀಟಿನಿಂದ ಚಂಪಾ ಚೀರಿದಳು. ಹರಿಶ್ಚಂದ್ರ ಗಾಬರಿಯಲ್ಲಿ ರಿವರ್ಸ್ ಹಾಕಿದ. ವಾದ್ಯ ಮೊಳಗಿತು. ಬಾಗಿಲು ಸರ್ರನೆ ಸರಿಯಿತು!

ಸಂತೋಷದಲ್ಲಿ ಗಾಡಿ ನಿಲ್ಲಿಸಿ ಗೇರು ಬಿಡಿಸಿದ. ಬಾಗಿಲು ಮುಚ್ಚಿಕೊಂಡಿತು.

"ಹಿಂದೆ ಹೋಗ್ತಾನೇ ಇರಿ!" ಎಂದು ಜನ ಕೂಗಿದರು. ಅವನು ಹೋದ. ಗಾಡಿ ಹಿಂದೆ ಹೊರಟಿತು, ಬ್ಯಾಂಡು ಗಾಡಿಯ ಹಿಂದೆ ಹೊರಟಿತು, ಹಾರ ಹಿಡಿದ ತುಳಸಿದಾಸ ಬ್ಯಾಂಡಿನ ಹಿಂದೆ ಓಡಿದ. ದಿಬ್ಬಣ ಬಂದ ದಾರಿಗೇ ಮರಳುವುದನ್ನು ಕಂಡು ಮೇಲಿನ ಕಿಟಕಿಯಲ್ಲಿ ವಿಜೇತಾ ಅಳತೊಡಗಿದಳು. ನಾಲ್ಕು ಅಂಗಡಿ ದಾಟಿದ ಮೇಲೆ, ಬ್ರೇಕು ಒತ್ತಿ ಹಿಡಿದರೂ ಸಾಕು, ಗೇರು ಬಿಡಿಸದಿದ್ದರೆ ಆಯಿತು ಎಂಬ ಬುದ್ಧಿ ಚಂಪಾಳಿಗೆ ಹೊಳೆಯಿತು. ನಿತೇಶ ಪಂಚೆ ಎತ್ತಿಕೊಂಡು ಜಿಗಿದ. ರೂಪಾಲಿಬಾಯಿಯನ್ನು ಬ್ಯಾಂಡಿನವರು ಇಳಿಸಿಕೊಂಡರು. ಮುಹೂರ್ತ ಸಿಕ್ಕಿತು.

ಆದರೆ ಹರಿಶ್ಚಂದ್ರನ ಮುಹೂರ್ತ ಕೆಟ್ಟಿತ್ತು. ಛತ್ರದಲ್ಲಿ ಸೆಖೆ ಅಸಾಧ್ಯ. ಗಾಡಿಯೊಳಗಿನ ತಂಪಿನ ಸುದ್ದಿ ಹಬ್ಬಿತು. ಚಂಪಾಳ ಆಯಿಯೂ ಊರಿನ ಅಜ್ಜಿಯರೂ ಬಂದು ಸಿಂಹಾಸನಗಳಲ್ಲಿ ಕಾಲು ಚಾಚಿದರು. "ಬಾಗಿಲು ಮುಚ್ಚಬೇಡ್ರಾ, ಒಳಗೇ ಸಿಕ್ಕಿಬಿದ್ರೆ?" ಎಂದರು. ಮನುಷ್ಯರು ಅಡ್ಡ ನಿಂತರೆ ಮಾತ್ರ ಆ ಬಾಗಿಲು ಮುಚ್ಚುವುದಿಲ್ಲ. ಸ್ಟೂಲು ಇಟ್ಟರೆ ತಳ್ಳಿಬಿಡುತ್ತಿತ್ತು. ಹೀಗಾಗಿ ಒಳಗೆ ತಾಳಿ ಕಟ್ಟುವಾಗ ಹರಿಶ್ಚಂದ್ರ ಹೊರಗೆ ಬಾಗಿಲಿಗೆ ಬೆನ್ನುಕೊಟ್ಟು ನಿಂತಿದ್ದ. ಅಜ್ಜಿಯರು ಗಾಡಿಯಿಂದಲೇ ಎಸೆದ ಅಕ್ಷತೆ ಅವನ ತಲೆಯ ಮೇಲೆ ಬಿತ್ತು.

ಊಟದ ಪಂಕ್ತಿಗಳೆಲ್ಲ ಮುಗಿಯುವ ಹೊತ್ತಿಗೆ ನಿತೇಶನ ಗೆಳೆಯ ಸಂಕೇತ ಬಂದ. "ಮಾವ, ನೀವು ಊಟ ಮಾಡಿ. ವಧೂವರರು ಹೊರಡುವ ಘಳಿಗೆಯಾಯ್ತು. ಗಾಡಿ ನಾನು ತರ್ತೆ. ರಿವರ್ಸಿನ ಗುಟ್ಟು ಈಗ ಇಡೀ ಅಂಕೋಲೆಗೆ ಗೊತ್ತುಂಟಲ್ಲ." ಹರಿಶ್ಚಂದ್ರ ಕೀಲಿ ಕೊಟ್ಟು ಒಳಗೆ ಓಡಿದ. ಅನ್ನ ತಣ್ಣಗಿತ್ತು. ಪಾಯಸದ ಪಾತ್ರೆಯನ್ನು ಆಗಲೇ ತೊಳೆಯುತ್ತಿದ್ದರು.

ಹೊರಗೆ ಬಂದರೆ ಅಂಗಳ ಖಾಲಿ. ತುಳಸಿದಾಸನ ಗಾಡಿಯೂ ಹೆಣ್ಣಿನ ಕಡೆಯವರನ್ನು ತುಂಬಿಕೊಂಡು ಕಿನ್ನರಕ್ಕೆ ಹೊರಟಾಗಿತ್ತು. ಚಂಪಾಳಿಗೆ ಫೋನು ಮಾಡಿದ.

"ಅಯ್ಯೋ, ನೀವು ತುಳಸಿ ದಾದಾನ ಗಾಡಿಯಲ್ಲಿಲ್ವಾ? ನೀವು ನಮ್ಮ ಗಾಡಿಯಲ್ಲಿದ್ದೀರಿ ಅಂತ ದಾದಾ ಅಂದ್ಕೊಂಡ. ಇರ್ಲಿ, ಬಸ್ಸಿಗೆ ಬನ್ನಿ. ಇಲ್ಲಿ ಕೂತ್ರೆ ಕೂತದ್ದೇ ಗೊತ್ತಾಗೂದಿಲ್ಲ ಮಾರಾಯ್ರೆ! ದಾದಾನ ಗಾಡಿ ಇದರ ಮುಂದೆ ಎಂತದೂ ಅಲ್ಲ!"

ತಿಂಗಳುಗಟ್ಟಲೆ ಕೇಳಲು ಹಂಬಲಿಸಿದ ಆ ಮಾತನ್ನು ಅವನು ಖಾಲಿ ಅಂಗಳದಲ್ಲಿ ಒಬ್ಬನೇ ನಿಂತು ಕೇಳಿದ.

ಕಾರವಾರದ ಬಸ್ಸು ಕಿಕ್ಕಿರಿದಿತ್ತು. ಮೀನುಬುಟ್ಟಿಗೂ ಬಾಗಿಲಿಗೂ ನಡುವೆ ಒಂಟಿಗಾಲಲ್ಲಿ ತೂಗಾಡುತ್ತ ಹೊರಟ. ಹಾರವಾಡದ ಹತ್ತಿರ, ಸಮುದ್ರದ ಕಡೆ ಮುಖಮಾಡಿ ಅವನ ಗಾಡಿ ನಿಂತಿತ್ತು. ವಧೂವರರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಚಂಪಾ ಕಪ್ಪುಕನ್ನಡಕ ಹಾಕಿಕೊಂಡು ಐಸ್‌ಕ್ರೀಮು ತಿನ್ನುತ್ತಿದ್ದಳು.

ಕಿಟಕಿಯ ಬಳಿ ಕೂತಿದ್ದ ಮುದುಕ ಕತ್ತು ಚಾಚಿ ನೋಡಿ, "ಎಂಥಾ ಗಾಡಿ ಮಾರಾಯ! ಯಾರದ್ದೋ ಏನೋ, ಪುಣ್ಯ ಮಾಡಿದವ್ರು," ಎಂದ.

"ಹೌದು, ಭಾರೀ ಪುಣ್ಯವಂತ," ಎಂದ ಹರಿಶ್ಚಂದ್ರ. ಆಮೇಲೆ ಮೆಲ್ಲನೆ ಕೇಳಿದ, "ಅಜ್ಜಾ, ನೀವು ಇಳಿಯೂದು ಎಲ್ಲಿ?"