ನಿಲ್ಲುವ ಹರಕೆ ಮತ್ತು ಒಂದು ಕಣ ವಿಷ

ಸಕ್ಕರೆ ಕಾಯಿಲೆಯವನು ಬೀಗರ ಮನೆಯಲ್ಲಿ ಬೇರೆ ಚಹಾ ಮಾಡಿಸಿಕೊಂಡು ಮೆರೆಯಬಹುದು. ಎದೆನೋವಿನವನನ್ನು ನಾಲ್ಕು ಜನ ಬಂದು ಮಾತಾಡಿಸುತ್ತಾರೆ. ಮಲದ್ವಾರದಲ್ಲಿ ಬಿರುಕು ಬಿಟ್ಟವನು ಮಾತ್ರ ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ. ನನ್ನ ಅಣ್ಣನಿಗೆ ಆದದ್ದು ಅದೇ. ಹಳೆಯ ಬಿರುಕು, ಯಾವ ಮುಲಾಮಿಗೂ ಬಗ್ಗಿರಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವನು ಆಲಮೇಲದಿಂದ ಸಿಂದಗಿಯ ತನಕ ಕಂಬಿ ಹಿಡಿದು ನಿಂತೇ ಬರುತ್ತಿದ್ದ. ಕಾರಣ ಗೊತ್ತಿದ್ದದ್ದು ಅತ್ತಿಗೆಗೆ ಮತ್ತು ನನಗೆ.

ಹೀಗಿರುವಾಗ ಅವನ ಮಗಳನ್ನು ನೋಡಲು ನಾಲತವಾಡದವರು ಬಂದರು. ನಮ್ಮಲ್ಲಿ ಮನೆಯ ಹಿರಿಯ ಜಮಖಾನದ ಮೇಲೆ ಕೂಡುವ ತನಕ ಸಂಬಂಧದ ಮಾತು ಶುರುವಾಗುವುದಿಲ್ಲ. ಅಣ್ಣ ಕಂಬಕ್ಕೆ ಆತುಕೊಂಡು ನಿಂತೇ ಇದ್ದ. ಹುಡುಗನ ತಂದೆಯ ಮುಖ ಗಂಟಾಯಿತು. "ಯಾಕ್ರಿ, ಸಂಬಂಧ ಮನಸ್ಸಿಗಿ ಬಂದಿಲ್ಲೇನ್ರಿ?" ಎನ್ನುತ್ತ ಟೊಪ್ಪಿಗೆ ಕೈಗೆತ್ತಿಕೊಂಡರು. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ತಲೆ ಓಡದ ಕಡೆ ನನ್ನ ಬಾಯಿ ಓಡುತ್ತದೆ. "ಇಲ್ರಿ ಯಜಮಾನ್ರ, ಅಣ್ಣಂದು ಹರಕಿ ಐತ್ರಿ. ಮಗಳ ಕೊಳ್ಳಾಗ ತಾಳಿ ಬೀಳೂತನಾ ಮಂದ್ಯಾಗ ಕೂಡಂಗಿಲ್ಲಂತ" ಎಂದುಬಿಟ್ಟೆ. ಅವರು ಎದ್ದು ಬಂದು ಕಣ್ಣು ತುಂಬಿಕೊಂಡು ಅಣ್ಣನ ಕೈ ಹಿಡಿದರು. ಸಂಬಂಧ ಗಟ್ಟಿಯಾಯಿತು. ಅಣ್ಣ ನನ್ನನ್ನು ನೋಡಿದ ನೋಟಕ್ಕೆ ನನಗೆ ಊಟ ಸೇರಲಿಲ್ಲ.

ಮಾಡಿದ ಪಾಪ ತೊಳೆಯಲು ಅವನನ್ನು ಸೊಲ್ಲಾಪುರದ ಡಾಕ್ಟರರ ಹತ್ತಿರ ಕರೆದೊಯ್ದೆ. ಅವರು ನಮ್ಮ ಕಡೆಯವರೇ. ಗಾಯದ ಸುತ್ತಲಿನ ಸ್ನಾಯು ನೋವಿಗೆ ಮುಷ್ಟಿಯಂತೆ ಬಿಗಿಯುತ್ತದಂತೆ. ಬಿಗಿದಲ್ಲಿಗೆ ರಕ್ತ ಸರಿಯಾಗಿ ಹೋಗದು, ರಕ್ತ ಹೋಗದೆ ಗಾಯ ಮಾಯದು. "ಆ ಸ್ನಾಯು ಸಡ್ಲ ಮಾಡಾಕ ಒಂದು ಇಂಜೆಕ್ಷನ್ ಐತಿ. ಕೆಟ್ಟ ಆಹಾರದಾಗ ಹುಟ್ಟೋ ವಿಷ ಅದು, ಮನಶಾನ್ನ ಕೊಲ್ಲೂವಂಥಾದ್ದು. ಅದರಾಗ ಒಂದು ಕಣ ಚುಚ್ಚತೀವಿ."

"ವಿಷಾನ?" ಎಂದ ಅಣ್ಣ ಬಾಗಿಲ ಕಡೆ ತಿರುಗಿದ.

"ಹೆದರಬ್ಯಾಡ್ರಿ. ಸ್ನಾಯು ಅಷ್ಟ ನಿದ್ದಿ ಮಾಡತೈತಿ. ಎರಡ್ಮೂರು ತಿಂಗಳಿಗೆ ತಾನ ಎಚ್ಚರಾಗತೈತಿ. ಅಷ್ಟರಾಗ ಭಾಳ ಮಂದಿಗೆ ಗಾಯ ಮಾಯತೈತಿ. ಆದ್ರ ಸ್ವಲ್ಪ ದಿವಸ ಗಾಳಿ ತಡಿಯೂದು ಕಷ್ಟ ಆಗಬಹುದು."

"ಅದಕ್ಕೂ ಒಂದು ಹರಕಿ ಹೇಳತಾನ್ರಿ ನನ್ನ ತಮ್ಮ" ಎಂದ ಅಣ್ಣ.

ಇಂಜೆಕ್ಷನ್ ಮಾಡಿಸಿ ಕೆಲವು ವಾರ ಕಳೆದಿರಬೇಕು. ಒಂದು ಮುಂಜಾನೆ ಹೋಗಿ ನೋಡಿದರೆ ಅಣ್ಣ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಹಾ ಕುಡಿಯುತ್ತಿದ್ದ. ನಾನು ದೇವರ ಮುಂದೆ ನಿಂತವನಂತೆ ಕೈ ಕಟ್ಟಿ ನಿಂತೆ. ಊರನ್ನೇ ಮಲಗಿಸಬಲ್ಲ ವಿಷವನ್ನು ಯಾರೋ ಪುಣ್ಯಾತ್ಮರು ಪಳಗಿಸಿ, ಬೆರಳಗಲದ ಒಂದು ಸ್ನಾಯುವಿಗೆ ಮಾತ್ರ "ನೀ ಒಂಚೂರು ಮಲಗಪ್ಪ" ಎಂದು ಹೇಳಿಸಿದ್ದಾರೆ. ಆ ಸ್ನಾಯುವೂ ಮಾತು ಕೇಳಿತು! ನಮ್ಮ ಮನೆಯಲ್ಲಿ ನನ್ನ ಮಾತನ್ನು ಬೆಕ್ಕೂ ಕೇಳುವುದಿಲ್ಲ.

ಅಷ್ಟರಲ್ಲಿ ಅತ್ತಿಗೆ "ಬೀಗರು ಬಂದ್ರು!" ಎಂದಳು. ಅಣ್ಣ ಬಟ್ಟಲು ಬಿಟ್ಟು ದಡಕ್ಕನೆ ಎದ್ದು ನಿಂತ. ಗಾಯ ಮಾಯ್ದಿತ್ತು, ನನ್ನ ಸುಳ್ಳು ಮಾಯ್ದಿರಲಿಲ್ಲ. ಅಂದಿನಿಂದ ಗಟ್ಟಿಮುಟ್ಟಾದ ಮನುಷ್ಯ ಮಂದಿಯೆದುರು ಸುಮ್ಮಸುಮ್ಮನೆ ನಿಂತೇ ಇರುತ್ತಿದ್ದ. ಬಂದವರು ಕಾಲು ಮುಟ್ಟಿ ಹೋಗುತ್ತಿದ್ದರು.

ಮದುವೆಯಲ್ಲಿ ತಾಳಿ ಬಿದ್ದ ಮೇಲೆ ಅಣ್ಣ ಜಮಖಾನದ ಮೇಲೆ ಮೆಲ್ಲಗೆ ಕೂತ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ, ನಿಜ ಹೇಳಿಬಿಡೋಣವೆಂದು ಬೀಗರ ಹತ್ತಿರ ಹೋಗಿ ಬಾಯಿ ತೆರೆದೆ. ಅವರು ಗಾಬರಿಯಾಗಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಮಾತಾಡಬ್ಯಾಡ್ರಿ! ನಿಮ್ಮಣ್ಣಾರು ಹೇಳ್ಯಾರ. ಮೊಮ್ಮಗ ಹುಟ್ಟೂತನಾ ನಮ್ಮ ಮುಂದ ಬಾಯಿ ತೆಗಿಯಂಗಿಲ್ಲಂತ ನಿಮ್ದೂ ಹರಕಿ ಐತಂತಲ್ರಿ."

ಅಣ್ಣನ ಕಡೆ ನೋಡಿದೆ. ಅವನು ಲೋಡಿಗೆ ಒರಗಿ, ಕಾಲು ಚಾಚಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ. ಮೊಮ್ಮಗ ಇನ್ನೂ ಹುಟ್ಟಿಲ್ಲ. ಬರೆಯಬಾರದೆಂದು ಮಾತ್ರ ಅಣ್ಣ ಹೇಳಿಲ್ಲ.